ಮೇಯರನ್ನು ಇಳಿಸಿದ ಎರಡು ಕುರ್ಚಿ

ಇವತ್ತು ಬೆಳಿಗ್ಗೆ ಗ್ಯಾರೇಜಿನ ಮೂಲೆಯಲ್ಲಿದ್ದ ಎರಡು ಮಡಚುವ ಕುರ್ಚಿಗಳನ್ನು ಬಿಚ್ಚಿದೆ. ಬಟ್ಟೆಯಲ್ಲಿ ಇನ್ನೂ ನೀಲಗಿರಿ ಎಣ್ಣೆಯ ವಾಸನೆ. ಪಕ್ಕದ ಮನೆಯ ಆಂಟಿ ಮೊಣಕಾಲಿಗೆ ಹಚ್ಚುತ್ತಿದ್ದದ್ದು...

ಆಗ ನಾವು ಅಮೆರಿಕದಲ್ಲಿ, ಲಾರೆನ್ಸ್‌ವಿಲ್‌ನಿಂದಾಚೆ ಒಂದು ಚಿಕ್ಕ ಊರಿನಲ್ಲಿದ್ದೆವು. ಅಪ್ಪ ಮಂಡ್ಯದಲ್ಲಿ ಪಂಕ್ಚರ್ ಹಾಕುತ್ತಿದ್ದರು. ನಮ್ಮ ವಂಶದಲ್ಲಿ ಡಿಗ್ರಿಗೆ ಓದಿದವಳು ನಾನೇ ಮೊದಲು. ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಊರಿನ ಲೈಬ್ರರಿಯಲ್ಲಿ ಕೂತು ಓದುತ್ತಿದ್ದೆ. ಮನೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಡಿಗ್ರಿ ಮುಗಿಯಲು ಇನ್ನೊಂದು ವರ್ಷ ಬಾಕಿ ಇರುವಾಗ ಮೇಯರ್, ಸಭೆಯನ್ನೂ ಕರೆಯದೆ, ಆ ಲೈಬ್ರರಿಯನ್ನು ಬಿಲ್ಡರ್ ಒಬ್ಬನಿಗೆ ಮಾರಲು ಹೊರಟರು.

ಅವಧಿ ಮುಗಿಯುವ ಮೊದಲೇ ಮೇಯರನ್ನು ಜನ ವೋಟು ಹಾಕಿ ಇಳಿಸಬಹುದು, ಆದರೆ ಆ ಚುನಾವಣೆ ನಡೆಯಲು ಮೊದಲು ಮತದಾರರ ಸಹಿ ಬೇಕು ಎಂದು ಹೇಳಿದವರು ಆಂಟಿ.

"ನಾನೂ ಸಹಿ ಹಾಕ್ತೀನಿ ಆಂಟಿ."

"ಸಿಟಿಜನ್ ಆಗ್ದೆ ಬರೀ ಗ್ರೀನ್ ಕಾರ್ಡ್ ಇಟ್ಕೊಂಡು ಏನ್ ಸಹಿ ಹಾಕ್ತೀಯೇ? ಡ್ರೈವಿಂಗ್ ನಿಂದು, ಬಾಯಿ ನಂದು."

ಮೊದಲ ದಿನ ಬಾಗಿಲಲ್ಲಿ ನಿಂತು ಕೇಳಿದೆವು. ಬಾಗಿಲುಗಳು ಮುಚ್ಚಿಕೊಂಡವು. ಮರುದಿನ ಆಂಟಿ ನನ್ನ ಕಾರಿಗೆ ಈ ಎರಡು ಕುರ್ಚಿಗಳನ್ನು ತುಂಬಿದರು. "ನಿಂತ್ಕೊಂಡು ಕೇಳೋರು ಸಾಲ ವಸೂಲಿಗೆ ಬಂದೋರು ಕಣೇ. ಕೂತ್ಕೊಂಡು ಕೇಳೋರು ನೆಂಟರು. ಇವ್ರು ಒಳಗೆ ಕರೆಯಲ್ಲ, ನಾವೇ ಕೂರೋಣ."

ಒಂದು ಮನೆಯ ಹುಲ್ಲಿನಲ್ಲಿ ಮೇಯರ್ ಪರವಾದ ಬೋರ್ಡನ್ನೇ ನೆಟ್ಟಿದ್ದರು. ನಾನು ಬೇಡವೆಂದರೂ ಆಂಟಿ ಅದರ ಪಕ್ಕದಲ್ಲೇ ಕುರ್ಚಿ ಹಾಕಿದರು. ಹೊರಬಂದ ಅಜ್ಜನಿಗೆ ಇಂಗ್ಲಿಷಿನಲ್ಲಿ, "ಕೂತ್ಕೊಳ್ಳಿ, ನಿಮ್ಮದೇ ಅಂಗಳ" ಎಂದರು. ಅಜ್ಜ ನಕ್ಕು ಕೂತರು. ಮೇಯರ್ ಬಗ್ಗೆ ಮಾತೇ ಇಲ್ಲ. ಬರೀ ಮೊಣಕಾಲು ನೋವಿನ ಸಮಾಚಾರ. ಆಂಟಿ ತಮ್ಮ ಎಣ್ಣೆ ಬಾಟಲಿಯನ್ನೇ ಕೊಟ್ಟರು. ಕೊನೆಗೆ, ನಾವು ಬಂದ ಕಾರಣವನ್ನು ಅಜ್ಜನೇ ಕೇಳಿದರು. ಲೈಬ್ರರಿ ಮಾರಾಟದ ಸುದ್ದಿ ಅವರಿಗೆ ಗೊತ್ತೇ ಇರಲಿಲ್ಲ. ಮೊಮ್ಮಗಳು ಪ್ರತಿ ಶನಿವಾರ ಕಥೆ ಕೇಳಲು ಹೋಗುತ್ತಿದ್ದದ್ದು ಅಲ್ಲಿಗೇ. ಸಹಿ ಹಾಕಿದರು. ಬೋರ್ಡು ಮಾತ್ರ ಕೀಳಲಿಲ್ಲ; ಬಾಟಲಿಯನ್ನೂ ವಾಪಸ್ ಕೊಡಲಿಲ್ಲ.

ಸಹಿಗಳು ಸೇರಿದವು, ಚುನಾವಣೆಯೂ ಬಂತು. ಫಲಿತಾಂಶದ ಸಂಜೆ ಲೈಬ್ರರಿಯ ಪಾರ್ಕಿಂಗ್ ಲಾಟ್ ತುಂಬ ಜನ. ಮೇಯರ್ ಸೋತ ಸುದ್ದಿ ಫೋನಿನಲ್ಲಿ ಕಂಡದ್ದೇ ತಡ, ಎರಡು ಮಕ್ಕಳ ತಾಯಿ ಎಂಬುದನ್ನೂ ಮರೆತು ಕುಣಿದೆ.

"ಆಂಟಿ, ಗೆದ್ವಿ! ಏಳಿ!"

"ಮೇಯರ್ ಇಳಿದ್ರು ಅಂತ ನಾನೂ ಕುರ್ಚಿ ಬಿಡ್ಬೇಕೇನೇ? ಕಾಲು ನೋಯ್ತಿದೆ, ನೀನು ಕುಣಿ."

ಲೈಬ್ರರಿ ಉಳಿಯಿತು. ಮರುವರ್ಷ ಅಲ್ಲೇ ಓದಿ ನನ್ನ ಡಿಗ್ರಿ ಮುಗಿಸಿದೆ. ಪದವಿ ಕೊಡುವ ಸಮಾರಂಭದಲ್ಲಿ ನನ್ನ ಹೆಸರು ಕರೆದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವರು ಆಂಟಿ...

ಹೋದ ವರ್ಷ ಅವರು ತೀರಿಕೊಂಡರು. ಕುರ್ಚಿಗಳನ್ನು ಅವರ ಮಗಳು ನನಗೆ ಕೊಟ್ಟಳು. ಈಗ ನಾನೂ ಸಿಟಿಜನ್. ನಾಳೆ ನನ್ನ ಮೊದಲ ವೋಟು, ಕ್ಯೂ ಉದ್ದವಿರುತ್ತದಂತೆ. ಒಂದು ಕುರ್ಚಿ ಸಾಕು. ಎರಡನ್ನೂ ಕಾರಿನಲ್ಲಿ ಇಟ್ಟಿದ್ದೇನೆ.