ಲಾರಿಗಳನ್ನು ಗದರುತ್ತಿದ್ದ ಪುಟ್ಟತಾಯಿ

ನನ್ನ ಹೆಂಡತಿ ಪುಟ್ಟತಾಯಿ ಎದುರಿಗೆ ಬರುವ ಲಾರಿಗಳನ್ನೆಲ್ಲ ಏಕವಚನದಲ್ಲೇ ಮಾತಾಡಿಸುತ್ತಿದ್ದಳು. "ಡಿಮ್ ಮಾಡ್ಲಾ ಮೂದೇವಿ! ನಿಮ್ಮವ್ವನ ಮಕಕ್ಕೂ ಇಂಗೇ ಬ್ಯಾಟ್ರಿ ಬುಡ್ತೀಯಾ?" ಕಾರಿನ ಗಾಜು ಏರಿಸಿಯೇ ಇರುತ್ತಿದ್ದುದರಿಂದ ಆ ಬೈಗುಳವೆಲ್ಲ ಕೇಳಿಸುತ್ತಿದ್ದುದು ನನಗೊಬ್ಬನಿಗೇ.

ನಮ್ಮದು ನೆಲಕ್ಕಂಟಿದಂಥ ತಗ್ಗು ಕಾರು. ಎದುರಿನ ಗಾಡಿ ಯಾವುದೇ ಇರಲಿ, ದೀಪ ನೇರ ನನ್ನ ಕಣ್ಣಿಗೇ ಹೊಡೆಯುತ್ತಿತ್ತು. ಎತ್ತರದ ಕಾರು ಕೊಳ್ಳಿ ಎಂದು ಮದ್ದೂರಿನ ಅಳಿಯ ಎಷ್ಟೋ ಸಲ ಹೇಳಿದ. "ಸೀರೆ ಎತ್ಕಂಡು ಏಣಿ ಅತ್ತಂಗೆ ಅತ್ತೋ ಕಾರು ನಂಗ್ಬ್ಯಾಡಿ ಅಳಿಯಂದ್ರೇ" ಅಂದಳು. ಅಲ್ಲಿಗೆ ಮಾತು ಮುಗಿಯಿತು.

ಭಾನುವಾರ ಮದ್ದೂರಿಗೆ ಮಗಳ ಮನೆಗೆ ಹೋದರೆ, ಮೊಮ್ಮಗನನ್ನು ಬಿಟ್ಟು ಇವಳು ಏಳುವ ಹೊತ್ತಿಗೆ ಕತ್ತಲಾಗಿರುತ್ತಿತ್ತು. ಮಳವಳ್ಳಿಗೆ ವಾಪಸು ಬರುವ ದಾರಿಯಲ್ಲಿ ನನಗೆ ಬೆಳಕು ಬಡಿದರೆ ರಸ್ತೆಯೇ ಮಾಯ. ಅದಕ್ಕೆ ಅವಳೇ ಕೆಲಸ ಹಂಚಿದ್ದಳು: "ಲೈಟ್ ಕಡೆ ನೋಡ್ಬ್ಯಾಡಿ. ಎಡಗಡೆ ಬಿಳೀ ಪಟ್ಟೆ ನೋಡ್ಕಂಡು ನಿದಾನಕ್ಕೆ ಓಡ್ಸಿ. ಮಿಕ್ಕಿದ್ದ ನಾ ನೋಡ್ಕತೀನಿ."

ಒಂದು ಸಲ ಬಸ್ಸೊಂದರ ಬೆಳಕಿಗೆ ನಾನು ಕುರುಡನಾಗಿದ್ದಾಗ "ನಿಲ್ಸಿ, ನಿಲ್ಸಿ!" ಎಂದು ಕೂಗಿದಳು. ಬಸ್ಸು ಹೋದ ಮೇಲೆ ನೋಡಿದರೆ, ಹಿಂದೆ ದೀಪವೇ ಇಲ್ಲದ ಕಬ್ಬಿನ ಟ್ರ್ಯಾಕ್ಟರು ಕೆಟ್ಟು ನಿಂತಿದೆ, ಸೋಗೆ ನಮ್ಮ ಗಾಜಿಗೆ ತಾಗುವಷ್ಟು ಹತ್ತಿರ. ಇಳಿದುಹೋಗಿ ಟ್ರ್ಯಾಕ್ಟರಿನವನಿಗೆ ಚೆನ್ನಾಗಿ ಉಗಿದಳು. ಆಮೇಲೆ ಮಗಳು ಕೊಟ್ಟಿದ್ದ ಹೊಸ ಬಿಳಿ ಟವಲನ್ನು ಕಬ್ಬಿನ ತುದಿಗೆ ಕಟ್ಟಿ ಬಂದಳು. ಟವಲು ಹೋಯಿತಲ್ಲೇ ಅಂದೆ. "ಓಯ್ತದೆ ಬುಡಿ. ತಲೆ ಉಳೀತಲ್ಲ."

ಕಳೆದ ವರ್ಷ ಹೀಗೇ ಬರುತ್ತಿದ್ದೆವು. ಎದುರಿಗೆ ಒಂದು ಗಾಡಿಯೂ ಇರಲಿಲ್ಲ. ಇದ್ದಕ್ಕಿದ್ದಂತೆ "ಡಿಮ್ ಮಾಡ್ಲಾ!" ಎಂದು ಗದರಿದಳು. ರಸ್ತೆ ಪಕ್ಕದ ಎಳನೀರಂಗಡಿಯ ಟ್ಯೂಬ್‌ಲೈಟು ಅದು. ನಾನು ಜೋರಾಗಿ ನಕ್ಕೆ. ಅವಳು ನಗಲಿಲ್ಲ. ಕಾರನ್ನು ಬದಿಗೆ ನಿಲ್ಲಿಸಿ ಕೇಳಿದೆ. ಸಕ್ಕರೆ ಕಾಯಿಲೆ ಅವಳ ಕಣ್ಣಿಗಿಳಿದು ತಿಂಗಳುಗಳೇ ಆಗಿದ್ದವು.

"ಏಳಿದ್ರೆ ಮದ್ದೂರಿಗೆ ಓಗೋದ್ನೇ ಬುಟ್ಬುಡ್ತಿದ್ರಿ. ಮಗೀನ ನೋಡ್ದೆ ಎಂಗಿರ್ಲಿ?"

"ಮತ್ತೆ ಇಷ್ಟು ದಿನ ನಂಗೆ ದಾರಿ ಹೆಂಗೆ ಹೇಳ್ತಿದ್ದೆ?"

"ದಾರಿ ಬಾಯಿಪಾಠ ಆಗದೆ ಕಣಿ."

ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ಅಳು ಬಂತು. ರಾತ್ರಿ ಓಡಾಟ ಅಂದಿಗೇ ನಿಂತಿತು.

ಆಮೇಲೆ ಕಿಡ್ನಿಯೂ ಕೈಕೊಟ್ಟಿತು. ಮಂಡ್ಯದ ಆಸ್ಪತ್ರೆಗೆ ಸೇರಿಸಿದೆವು. ಕೊನೆಯ ದಿನ ಮಧ್ಯಾಹ್ನ ಕೈ ಹಿಡಿದು ಕೂತಿದ್ದೆ.

"ಕತ್ಲಾಯ್ತಾ?" ಅಂದಳು.

"ಇನ್ನೂ ಬಿಸಿಲದೆ ಕಣೇ."

"ಅಂಗಾರೆ ಈಗ್ಲೇ ಒಂಟ್ಬುಡಿ. ಕತ್ಲಾದ್ರೆ ನಿಮ್ಗೆ ರೋಡ್ ಕಾಣಾಕಿಲ್ಲ. ಪಕ್ದಲ್ಲಿ ನಾನೂ ಇರಾಕಿಲ್ಲ."

ಇಲ್ಲೇ ಇರುತ್ತೇನೆ ಅಂದೆ. "ಮಗಳವ್ಳೆ. ನೀವು ಬೆಳಿಗ್ಗೆ ಬನ್ನಿ" ಎಂದು ಹಟ ಹಿಡಿದಳು. ರಸ್ತೆಯ ವಿಷಯದಲ್ಲಿ ಅವಳ ಮಾತು ಮೀರಿ ನನಗೆ ಅಭ್ಯಾಸವಿರಲಿಲ್ಲ. ಹೊರಟೆ.

ಮಳವಳ್ಳಿ ಮುಟ್ಟಿದಾಗ ಇನ್ನೂ ಬೆಳಕಿತ್ತು. ಬೀಗ ತೆಗೆಯುತ್ತಿದ್ದಾಗ ಮಗಳ ಫೋನು ಬಂತು. "ಅಪ್ಪಾ, ಅವ್ವ ಓಗ್ಬುಟ್ಳು ಕಣಪ್ಪಾ, ಅರ್ಧ ಗಂಟೆ ಆಯ್ತು. 'ನಿಮ್ಮಪ್ಪ ಮನೆ ಸೇರುದ್ರಾ, ಸೇರುದ್ರಾ' ಅಂತ ಒಂದೇ ಸಮ ಕೇಳ್ತಿದ್ಲು. ತಡ್ಯಕಾಗ್ದೆ ಸೇರವ್ರೆ ಕಣವ್ವ ಅಂದೆ. ಅಂದೇಟ್ಗೆ ಕಣ್ಮುಚ್ಚುದ್ಲು."

ಅವಳು ಕಣ್ಮುಚ್ಚಿದಾಗ ನಾನಿನ್ನೂ ಅರ್ಧ ದಾರಿಯಲ್ಲಿದ್ದೆ.