ಬ್ಲೀಚಿಂಗ್ ಮೇಲೆ ಸುರಿದ ಆಸಿಡ್

ಎಂಬತ್ತರ ದಶಕದಲ್ಲಿ ತಿರುಪ್ಪೂರಿನಲ್ಲಿ ಪ್ಲಸ್ ಟೂ ಓದುವಾಗ, ಲ್ಯಾಬಿನಲ್ಲಿ ಕಪ್ಪೆ ಕೊಯ್ಯುವ ಮೇಜನ್ನು ಸೀಮೆಸುಣ್ಣದಿಂದ ಎರಡು ಭಾಗ ಮಾಡಿದ್ದೆವು. ಒಂದಕ್ಕೆ ಫಿನಾಯಿಲು, ಇನ್ನೊಂದಕ್ಕೆ ಬ್ಲೀಚಿಂಗ್ ಪೌಡರಿನ ನೀರು. ಒರೆಸಿದ ಜಾಗಕ್ಕೆ ಹತ್ತಿ ಉಜ್ಜಿ, ಚೈನಾ ಗ್ರಾಸ್ ಎಂಬ ಕಡಲಪಾಚಿಯ ಅಂಟು ಕಾಯಿಸಿ ಹೊಯ್ದ ಗಾಜಿನ ತಟ್ಟೆಗೆ ಸವರಿ, ಎರಡು ದಿನ ಮುಚ್ಚಿಡಬೇಕು. ಬ್ಯಾಕ್ಟೀರಿಯಾದ ಚುಕ್ಕೆ ಎಲ್ಲಿ ಕಡಿಮೆಯೋ ಆ ಔಷಧಿ ಗೆದ್ದಂತೆ. ಫಿನಾಯಿಲು ನನ್ನ ಗೆಳೆಯನದು. ಮಡತ್ತುಕುಳಂ ಕಡೆಯ ರೈತರ ಮಗ. ತರಗತಿಯಲ್ಲಿ ನನ್ನ ಹೊರತು ಕನ್ನಡ ಬಲ್ಲವನು ಅವನೊಬ್ಬನೇ. ಬ್ಲೀಚಿಂಗ್ ನನ್ನದು. ಅಪ್ಪ ಬನಿಯನ್ ಬಟ್ಟೆ ಬಿಳುಪು ಮಾಡುವ ಶೆಡ್ಡಿನಲ್ಲಿ ಕೆಲಸಕ್ಕಿದ್ದರು.

ನನ್ನ ತಟ್ಟೆಯ ತುಂಬ ಚುಕ್ಕೆ ಎದ್ದಿತು.

"ನಿಮ್ಮಪ್ಪನ ಬನಿಯನ್‌ನಲ್ಲೂ ಇಂಗೇ ಹುಳು ಮೇಯ್ತದಾ ಡಾ?" ಎಂದ ಗೆಳೆಯ.

ಶೆಡ್ಡಿನಲ್ಲಿ ಬ್ಲೀಚಿಂಗ್ ತೊಟ್ಟಿಯಿಂದ ತೆಗೆದ ಬಟ್ಟೆಯನ್ನು ಆಸಿಡ್ ನೀರಿಗೆ ಹಾಕುತ್ತಾರೆ. ನಡುವೆ ಚೆನ್ನಾಗಿ ತೊಳೆಯುತ್ತಾರೆಂಬುದನ್ನು ನಾನು ನೋಡಿರಲಿಲ್ಲ, ಅಥವಾ ನೋಡಿ ಮರೆತಿದ್ದೆ. ಮರುಸಲ ಪೌಡರನ್ನು ಗಟ್ಟಿ ಗಂಜಿಯಂತೆ ಬಳಿದು, ಮೇಲೆ ಆಸಿಡ್ ಸುರಿದೆ.

ಹಳದಿ ಹೊಗೆ ಎದ್ದಿತೆಂದು ನೆನಪು. ಕಣ್ಣು ಮುಚ್ಚಿಕೊಂಡವನಿಗೆ ಬಣ್ಣ ಹೇಗೆ ಕಂಡಿತು? ಪುಸ್ತಕದ ಕ್ಲೋರಿನ್ ಪಾಠದಿಂದ ಬಂದ ಬಣ್ಣವಿರಬೇಕು. ಎದೆಯೊಳಗೆ ಗಾಜು ಪುಡಿಯಾದಂತಾದದ್ದು ಮಾತ್ರ ನನ್ನದೇ. ನಾನು ಹೊರಗೆ ಓಡಿದೆ. ಇನ್ನಷ್ಟು ಚೆಲ್ಲದಿರಲೆಂದು ಗೆಳೆಯ ಬಾಟಲಿ ಎತ್ತಿಕೊಂಡು, ಕೆಮ್ಮಿ ರಕ್ತ ಉಗುಳುತ್ತ ಬಂದ. ಬಾಟಲಿ ಕಂಡ ಲ್ಯಾಬಿನ ಮೇಷ್ಟರು ಅವನ ಮೇಲೆ ಬಿದ್ದರು. ಬೆತ್ತ ಮುರಿದ ಮೇಲೆ ಸ್ಟ್ಯಾಂಡಿನ ಕಬ್ಬಿಣದ ಸರಳು ತೆಗೆದುಕೊಂಡರು. ಅವನ ಕಿವಿ ಹರಿಯಿತು. ನಾನು ನಿಂತು ನೋಡಿದೆ. ಆ ದಿನದ ಡೈರಿಯಲ್ಲಿ 'ಬಾಟಲಿ ಅವನ ಕೈಯಲ್ಲಿತ್ತು' ಎಂದಷ್ಟೇ ಇದೆ. ಅದು ಸುಳ್ಳಲ್ಲ.

ಮರುದಿನ ಹೆಡ್‌ಮಾಸ್ಟರು ನಮ್ಮಿಬ್ಬರನ್ನೂ ನನ್ನ ಅಪ್ಪನನ್ನೂ ಕರೆಸಿದರು. ಸುರಿದವನಿಗೆ ಟಿ.ಸಿ. ಎಂದರು. ಅಪ್ಪ ನಾನು ಹಾಕಿದ್ದ ಹಿಂದಿನ ದಿನದ ಅಂಗಿ ಮೂಸಿ, ಹೆಡ್‌ಮಾಸ್ಟರಿಗೆ ತಿಳಿಯದ ಕನ್ನಡದಲ್ಲಿ ಕೇಳಿದರು.

"ನೀನ್ ತಾನೇ ಹುಯ್ದದ್ದು?"

"ಹೌದಪ್ಪಾ."

ಅಪ್ಪ ತಮಿಳಿಗೆ ತಿರುಗಿ, "ನನ್ನ ಮಗನಿಗೆ ಏನೂ ಗೊತ್ತಿಲ್ಲ ಸಾರ್" ಎಂದರು.

"ಒಪ್ಕೊಂಡ ಸಾರ್, ಈಗ ತಾನೇ ಒಪ್ಕೊಂಡ," ಎಂದು ಗೆಳೆಯ ತಮಿಳಿನಲ್ಲಿ ಕೂಗಿದ. ಪಕ್ಕದಲ್ಲೇ ನಿಂತಿದ್ದ ಲ್ಯಾಬಿನ ಮೇಷ್ಟರು ಅವನ ಬಾಯಿಗೇ ಹೊಡೆದರು. ಹಲ್ಲು ತುಟಿಗೆ ನಾಟಿತು. ಅವನು ನನ್ನತ್ತ ತಿರುಗಿದ. "ಅದನ್ನೇ ತಮಿಳ್ನಲ್ಲಿ ಹೇಳ್ ಡಾ."

ಅಪ್ಪನ ಕೈ ನನ್ನ ಕುತ್ತಿಗೆಯ ಮೇಲಿತ್ತು. ನನ್ನ ಬಾಯಿ ಮುಚ್ಚಿಸಿದ್ದು ಅದೇ ಎಂದು ವರ್ಷಗಟ್ಟಲೆ ನಂಬಿದ್ದೆ. ಆ ಕೈಯಲ್ಲಿ ಒತ್ತಡವೇ ಇರಲಿಲ್ಲ. ನಾನು ಹೇಳಬಹುದಿತ್ತು. ಗೆಳೆಯ ಟಿ.ಸಿ. ತೆಗೆದುಕೊಂಡು ಹೋದ, ನಾನು ಕಾಲೇಜು ಸೇರಿದೆ.