ಮಹೆಜಬೀನಳ ಫುಕಟ ಫೋಟೋ

ದಾಂಡೇಲಿ ಬಸ್‌ಸ್ಟ್ಯಾಂಡ್ ಹತ್ರ ನಾ ಫೋಟೋ ಸ್ಟುಡಿಯೋ ಇಟ್ಟು ಮೂವತ್ತೊಂದು ವರ್ಷ ಆತು. ನನ್ನ ಹೆಸರು ಬಂದೇನವಾಜ. ಒಂದು ಮಾತು ಮೊದಲ ಹೇಳಿ ಬಿಡ್ತೇನಿ, ಫುಕಟ ಫೋಟೋ ಅಂದ್ರ ನನಗ ಮೈಯೆಲ್ಲಾ ಉರೀತೈತಿ. "ಬರೇ ಬಟನ್ ಒತ್ತೂದಲ್ಲೇನ್ರಿ, ಅದಕ್ಯಾಕ ರೊಕ್ಕಾ?" ಅಂತ ಕೇಳಿದವ್ರನ್ನ ಅಂಗಡಿ ಮೆಟ್ಟಲಾ ಇಳಿಸಿ ಕಳಿಸೇನಿ.

ಅಂಥಾವನ ಅಂಗಡ್ಯಾಗ, ಅವನ ಕಣ್ಣೆದುರಿಗೇ, ದಿನಾ ಫುಕಟ ಫೋಟೋ ಹುಡುಕ್ಕೋತ ಒಬ್ಬಾಕಿ ಕುಂತಿರ್ತಾಳ. ನನ್ನ ಅಣ್ಣನ ಮಗಳು ಮಹೆಜಬೀನ. ಬಂಗೂರನಗರದ ಕಾಲೇಜಿನ್ಯಾಗ ಬಿ.ಎ. ಮುಗಿಸ್ಯಾಳ. ಜೋಯಿಡಾ ಕಡೆ ಹೋಂಸ್ಟೇ ಇಟ್ಟವ್ರಿಗೆ ಬ್ಲಾಗ್ ಬರದು ಕೊಡೂದು ಆಕಿ ಕೆಲಸ. ಮನ್ಯಾಗ ನೆಟ್‌ವರ್ಕ್ ಹತ್ತೂದಿಲ್ಲಂತ ನನ್ನ ಮೂಲ್ಯಾಗಿನ ಟೇಬಲ್ ಹಿಡದು ಕುಂತಾಳ. ಬರಿಯೂದು ಅರ್ಧಾ ತಾಸಿನ್ಯಾಗ ಮುಗೀತೈತಿ, ಫೋಟೋ ಹುಡುಕೂದು ಮೂರು ತಾಸು. ಜಗತ್ತಿನ ತುಂಬ ಫೋಟೋ ಹೊಡಿಯವ್ರು ತಮ್ಮ ಫೋಟೋ ತಾವಾಗೇ ತಂದು ಇಂಟರ್ನೆಟ್‌ನ್ಯಾಗ ಹಾಕಿ, ಯಾರರೆ ತಗೋರಿ ಅಂತ ಬಿಟ್ಟು ಹೋಗ್ತಾರಂತ.

"ತಲಿ ಕೆಟ್ಟೈತೇನು ಅವ್ರಿಗೆ?" ಅಂದೆ.

"ಖುಷಿಲೆ ಕೊಡ್ತಾರ ಚಾಚಾ. ಆದ್ರ ಎಲ್ಲಾ ಫುಕಟ ಅಲ್ಲ. ಕೆಳಗ ಸಣ್ಣ ಅಕ್ಷರದಾಗ ಏನು ಬರದಾರ ಅಂತ ಪೂರಾ ಓದಬೇಕು." ಆಕಿ ಓದ್ತಿದ್ಲು, ಸುಳ್ಳು ಯಾಕ ಹೇಳ್ಲಿ. ಮ್ಯಾಲ ಒಂದು ಕೆಂಪು ನೋಟಬುಕ್ ಬ್ಯಾರೆ ಇಟ್ಟಿದ್ಲು. ಯಾವ ಫೋಟೋ ತಗೊಂಡ್ರೂ ಹೊಡೆದವ್ರ ಹೆಸರು ಅದರಾಗ ಬರಕೊಂತಿದ್ಲು. ಹೆಸರು ಹಾಕಲೇಬೇಕಂತ ಅವ್ರು ಕೇಳದಿದ್ರೂ ಬ್ಲಾಗಿನ ಕೆಳಗ ಹಾಕ್ತಿದ್ಲು. ನನ್ನ ಅಣ್ಣನ ಮಗಳಲ್ಲೇನು, ಅಷ್ಟರೆ ಇರಬೇಕಲ್ಲ.

ಹಂಗಂತ ಎಡವಟ್ಟು ಆಗಿಲ್ಲಂತಲ್ಲ. ಜೋಯಿಡಾದ ಜ್ಯೋತಿಬಾ ಅನ್ನಾವ್ರ ಹೋಂಸ್ಟೇ ಬ್ಲಾಗಿಗೆ ಒಮ್ಮೆ ದೋಣಿ ಫೋಟೋ ಹಾಕಿದ್ಲು. ಮರುದಿನ ಅವ್ರ ಫೋನ್ ಬಂತು. "ಮಹೆಜಬೀನಾ, ನಮ್ಮ ಕಾಳಿ ನದಿ ದಂಡಿ ಮ್ಯಾಲ ಬರ್ಫ ಯಾವಾಗ ಬಿತ್ತವ್ವಾ? ಬೆಳಗಾವಿ ಮಂದಿ ಸ್ವೆಟರ್ ತರಬೇಕೇನ್ರಿ ಅಂತ ಕೇಳಾಕ ಹತ್ಯಾರ!" ನಾ ಎರಡು ದಿನ ನಕ್ಕೆ. ಆಕಿ ಎರಡು ದಿನ ನನ್ನ ಕೂಡ ಮಾತು ಬಿಟ್ಲು.

ಹೋದ ವರ್ಷ ಮಳಿಗಾಲದಾಗ ಆದದ್ದು ಮಾತ್ರ ನಗೂ ಮಾತಾಗಿರಲಿಲ್ಲ.

ಮುಂಡಗೋಡ ಕಡೆ, ಮಳಗಿ ಅನ್ನೂ ಊರಿನ ಆಚೆ ಕಾಡಿನಂಚಿನ ಹಳ್ಳ್ಯಾಗ ಹಜರಾಬಿ ಅಂತ ಸಿದ್ದಿ ಹೆಣಮಗಳು ಅದಾಳ, ನೂರಾರು ವರ್ಷದ ಹಿಂದ ಆಫ್ರಿಕಾದಿಂದ ಬಂದವ್ರ ಪೈಕಿ. ಅರವತ್ತರ ಮ್ಯಾಲ ವಯಸ್ಸು. ಹಳೆ ಅರಿವಿ ತುಂಡು ಕೂಡಿಸಿ ಆಕಿ ಹೊಲಿದ ಕೌದಿ ನೋಡಿದ್ರ ಕಣ್ಣು ತೆಗಿಯಾಕ ಮನಸ್ಸಾಗೂದಿಲ್ಲ. ಆಕಿ ಮೊಮ್ಮಗಳು ನೀಲಂ, ಮಹೆಜಬೀನಳ ಕಾಲೇಜ್ ಗೆಳತಿ. ಧಾರವಾಡದಾಗ ಕೈಕಸಬಿನ ದೊಡ್ಡ ಪ್ರದರ್ಶನ ನಡಿಯೂದಿತ್ತು, ಆರಿಸೂ ಮಂದಿ ಅಜ್ಜಿ ಬಗ್ಗೆ ಓದಾಕ ಏನರೆ ಕಳಸ್ರಿ ಅಂದಿದ್ರು. ಮರುದಿನ ಮುಂಜಾನೆಯೊಳಗ ಕಳಸಬೇಕಿತ್ತು. ಹಜರಾಬಿ ಆಯುಷ್ಯದಾಗ ಒಮ್ಮಿ ಆಕಿ ಹೆಸರಿನ್ಯಾಗ ಆಕಿ ಕೌದಿ ನಾಲ್ಕು ಮಂದಿ ಮುಂದ ತೂಗಬೇಕು ಅನ್ನೂದು ನೀಲಂಳ ಆಸೆ.

ನೀಲಂ ಕಡೆ ಅಜ್ಜಿದು ಚೊಲೋ ಫೋಟೋ ಒಂದೂ ಇರಲಿಲ್ಲ, ಅದಕ್ಕ ಮಹೆಜಬೀನ ನನ್ನನ್ನ ಕೇಳಿದ್ಲು. "ಚಾಚಾ, ನೀವ ಬಂದು ನಾಲ್ಕು ಫೋಟೋ ಹೊಡೀರಿ." ನಾ ಏನಂದೆ ಗೊತ್ತೇನ್ರಿ? "ಈ ಮಳ್ಯಾಗ ಅಷ್ಟು ದೂರ ಫುಕಟ ಹೊಡಿಯಾಕ ನಾ ಬರೂದಿಲ್ಲ ಹೋಗು." ಹಂಗ ಅಂದೆ. ನಾಚಿಕಿ ಆಗ್ತೈತಿ ಈಗ.

ಆಕಿ ಚೊಲೋ ಬರದ್ಲು. ಬರದು ಫುಕಟ ಫೋಟೋ ಹುಡುಕಿದ್ಲು. ಆಫ್ರಿಕಾದ ಒಬ್ಬ ಹೆಣಮಗಳು ಗಿಡದ ನೆರಳಾಗ ಕುಂತು ಅರಿವಿ ಹೊಲಿಯೂ ಫೋಟೋ ಸಿಕ್ಕಿತು. ಕರ್ರಗ ಅದಾಳ, ಗುಂಗುರ ಕೂದಲಾ ಐತಿ, ಕೈಯಾಗ ಸೂಜಿ ಐತಿ. ಯಾರಿಗೆ ತಿಳೀತೈತಿ ಅಂತ ತನ್ನ ಬ್ಲಾಗಿನ್ಯಾಗ ಹಾಕಿ, ಕೆಳಗ "ಹಜರಾಬಿ" ಅಂತ ಬರದು ಧಾರವಾಡಕ್ಕ ಕಳಿಸಿಬಿಟ್ಲು. ಬರ್ಫದ ದೋಣಿ ಮರತಿದ್ಲು ನೋಡ್ರಿ.

ಧಾರವಾಡದವ್ರಿಗೆ ಭಾಳ ಹಿಡಿಸ್ತು. ಶುಕ್ರವಾರ ಬಂದು ಅಜ್ಜಿನ್ನ ನೋಡಿ ಹೋಗ್ತೇವಿ ಅಂದ್ರು. ನೀಲಂ ಖುಷಿಲೆ, ತಾ ನೋಡೂಕಿಂತ ಮೊದಲ, ಅಜ್ಜಿಗೆ ಬ್ಲಾಗ್ ತೆಗೆದು ತೋರಿಸಿದ್ಲು.

ಮಂಗಳವಾರ ಮುಂಜಾನೆ ಮೂರು ಬಸ್ ಬದಲ ಮಾಡಿ ಹಜರಾಬಿ ನನ್ನ ಅಂಗಡಿ ಮುಂದ ಬಂದು ನಿಂತ್ಲು. ಬಗಲಾಗ ಕೌದಿ ಗಂಟು. ಕೂಗಾಡಲಿಲ್ಲ. ನೀಲಂಳ ಮೊಬೈಲ್ ಮುಂದ ಹಿಡಿದು ಕೇಳಿದ್ಲು. "ಬೇಟಿ, ಹೆಸರು ನಂದು ಬರದೀದಿ. ಮಾರಿ ಯಾರದು?"

ಮಹೆಜಬೀನ ಲ್ಯಾಪ್‌ಟಾಪ್ ಮುಚ್ಚಿ ಎದ್ದು ನಿಂತ್ಲು.

"ಮುಂಡಗೋಡದ ಸಂತಿಗೆ ಹೋದ್ರೂ ಮಂದಿ ಕೇಳ್ತಾರ, ನೀವು ಯಾವ ದೇಶದವ್ರು ಅಂತ. ನನ್ನ ಮುತ್ಯಾನ ಮುತ್ಯಾ ಇದ ಮಣ್ಣಾಗ ಅದಾನ. ಅವ್ರಿಗೆ ತಿಳಿಯೂದಿಲ್ಲ, ಬಿಡ್ತೇನಿ. ನೀ ನಮ್ಮ ಮನ್ಯಾಗ ಉಂಡಾಕಿ. ಕರ್ರಗ ಇದ್ದಾಕಿ ಯಾರಾದ್ರೂ ನಡೀತೈತಿ ಅಂತ ನಿನಗೂ ಅನಸ್ತೇನು?"

ಹುಡುಗಿ ಗಳಗಳ ಅತ್ಲು. "ತಪ್ಪಾತು ಅಜ್ಜಿ. ಖರೇನ ತಪ್ಪಾತು." ಅರ್ಧಾ ತಪ್ಪು ನಂದಿತ್ತಲ್ಲ. ಕಪಾಟಿನ್ಯಾಗಿನ ದೊಡ್ಡ ಕ್ಯಾಮರಾ ತಗದೆ. "ಆಪಾ, ಈಗ ಕುಂದರ್ರಿ. ನಾ ಹೊಡೀತೇನಿ."

"ಏ, ತಡಿ ಭಾಯಿ. ಕೌದಿ ಇನ್ನೂ ಮುಗದಿಲ್ಲ. ಹೊಟ್ಟಿ ಹಸದೈತಿ ಅದರದು." ಅವ್ರ ಪದ್ಧತಿ ಹಂಗ. ಕೌದಿ ನಡುವಿನ ಕಡೀ ತುಂಡು ಹೊಲದು ಮುಚ್ಚೂಕಿಂತ ಮೊದಲು ಒಳಗ ನಾಲ್ಕು ಕಾಳು ಅಕ್ಕಿ ಹಾಕ್ತಾರ. ಹಸದ ಕೌದಿ ಹೊಚ್ಚಿಕೊಂಡವ್ರಿಗೂ ಹಸಿವು ತಪ್ಪೂದಿಲ್ಲ ಅಂತ ಅವ್ರ ನಂಬಿಕಿ. ನಾ ಹಿಂದಿನ ಓಣ್ಯಾಗಿನ ಮನಿಗೆ ಓಡಿ ಹಿಡಿ ಅಕ್ಕಿ ತಂದೆ. ಹಜರಾಬಿ ನಾಲ್ಕು ಕಾಳು ಎಣಿಸಿ ಒಳಗ ಹಾಕಿ, ಸೂಜಿ ತಗದು ಮಹೆಜಬೀನಳ ಕೈಯಾಗ ಕೊಟ್ಲು. "ನೀ ಹೊಲಿ."

ಲ್ಯಾಪ್‌ಟಾಪ್ ಬಡಿಯೂ ಬೆರಳು, ಮೂರು ಸಲ ಚುಚ್ಚಿಕೊಂಡ್ಲು. ಸೊಟ್ಟಂಬಟ್ಟ ಹೊಲಿಗಿ. ಹಜರಾಬಿ ಹಲ್ಲು ಕಿಸದು ನಕ್ಕು, "ಇರ್ಲಿ ಬಿಡು, ನಿನ್ನ ಗುರ್ತು ಇರ್ಲಿ" ಅಂದ್ಲು. ಆಮ್ಯಾಲ ನನ್ನ ಹಿಂದಿನ ಪರದೆ ನೋಡಿದ್ಲು. ಅದರ ಮ್ಯಾಲ ನೀಲಿ ಜಲಪಾತದ ಚಿತ್ರ ಐತಿ, ಇಪ್ಪತ್ತು ವರ್ಷದಿಂದ ದಾಂಡೇಲಿ ಲಗ್ನದ ಮದಲಿಂಗರೆಲ್ಲಾ ಅದರ ಮುಂದ ನಿಂತಾರ. "ಈ ಸುಳ್ಳು ನೀರು ತಗಿ ಮೊದಲ." ಪರದೆ ಇಳಿಸಿ ಕೌದೀನ ಹಿಂದ ತೂಗಹಾಕಿದ್ವಿ. ಆಕಿ ಮುಂದ ಕುಂತು, ತಲಿ ಮ್ಯಾಲಿನ ಸೆರಗು ಸರಿ ಮಾಡ್ಕೊಂಡು, ನೆಟ್ಟಗ ಕ್ಯಾಮರಾ ನೋಡಿದ್ಲು. ನನ್ನ ಆಯುಷ್ಯದಾಗ ಅಷ್ಟು ಚೊಲೋ ಫೋಟೋ ನಾ ಹೊಡದಿಲ್ಲ.

ಮಹೆಜಬೀನ ಫೋಟೋ ಸುಮ್ಮನ ಬದಲ ಮಾಡಿಬಿಡಬಹುದಿತ್ತು. ಮಾಡಲಿಲ್ಲ. ಬ್ಯಾರೆಯವ್ರ ಮಾರಿಗೆ ಹಜರಾಬಿ ಹೆಸರು ಹಾಕಿದ್ದೆ, ತಪ್ಪು ನಂದು ಅಂತ ಬ್ಲಾಗಿನ್ಯಾಗ ಬರದ್ಲು, ಧಾರವಾಡಕ್ಕೂ ಬರದ್ಲು. "ಈಗ ಅವ್ರು ಬರೂದಿಲ್ಲ ಚಾಚಾ. ಅಜ್ಜಿ ಕೆಲಸಾ ಕೆಡಿಸಿದೆ" ಅಂತ ಊಟ ಬಿಟ್ಟು ಕುಂತ್ಲು.

ಅವತ್ತ ಸಂಜಿಮುಂದ ಊರಿಗೆ ಹೊಂಟು ನಿಂತ ಹಜರಾಬಿ ಇನ್ನೊಂದು ಮಾತು ಕೇಳಿದ್ಲು. "ಆ ಇನ್ನೊಬ್ಬಾಕಿ ಹೆಸರೇನು? ಆಕಿಗೂ ಒಂದು ಹೆಸರಿರತೈತಲ್ಲ?"

ಮಹೆಜಬೀನ ಕೆಂಪು ನೋಟಬುಕ್ ತಗದ್ಲು. ಹೊಡೆದವನ ಹೆಸರಿತ್ತು, ಕುಂತಾಕಿದು ಇರಲಿಲ್ಲ. ಅಷ್ಟೂ ಹಾಳಿ ತಿರುವಿದ್ಲು, ಎಲ್ಲೂ ಯಾರ ಫೋಟೋ ಅನ್ನೂದ ಇಲ್ಲ. ಮೂವತ್ತು ವರ್ಷ ನನ್ನ ಫೋಟೋದ ಮೂಲ್ಯಾಗ ನಾನೂ ನನ್ನ ಸ್ಟುಡಿಯೋ ಹೆಸರನ್ನ ಅಷ್ಟ ಒತ್ತೇನಿ. ಹುಡುಗಿ ಅಲ್ಲೇ ಕುಂತು ಆ ಫೋಟೋದವಗ ಪತ್ರ ಬರದ್ಲು.

ಶುಕ್ರವಾರ ಧಾರವಾಡದವ್ರು ಹಜರಾಬಿ ಮನಿಗೆ ಬಂದ್ರು. ಖರೇ ಹೇಳಿದ್ದಕ್ಕ ಬಂದ್ವಿ ಅಂದ್ರು. ಕೌದಿ ಮುಟ್ಟಿ, ತಿರುವಿ ನೋಡಿ, ಹಜರಾಬಿ ಹೆಸರು ಬರಕೊಂಡು ಹೋದ್ರು. ಸುದ್ದಿ ಕೇಳಿ ಮಹೆಜಬೀನ ನನ್ನ ಅಂಗಡ್ಯಾಗ ಕುಣದಾಡಿ ಸ್ಟೂಲ್ ಮುರದ್ಲು.

ಫೋಟೋದವನ ಉತ್ತರ ಬರಾಕ ಒಂದು ತಿಂಗಳ ಹಿಡೀತು. ಆತ ಮತ್ತ ಆ ಊರಿಗೆ ಹೋಗಿ ಆಕಿನ್ನ ಕೇಳಿಕೊಂಡು ಬಂದಿದ್ದ. ಹೆಸರು ವಾಂಜಿಕು, ಊರು ಕೀನ್ಯಾದ ನಕೂರು ಹತ್ರ, ಸಾಲಿ ಹುಡುಗರ ಅರಿವಿ ಹೊಲಿತಾಳ, ಹೆಸರು ಹಾಕಿದ್ರ ಖುಷಿ ಅಂದಾಳ.

ಪ್ರದರ್ಶನದಾಗ ಕೌದಿ ಪಕ್ಕ ಎರಡು ಫೋಟೋ ತೂಗಹಾಕಬೇಕಂತ ಹಜರಾಬಿ ಹಟಾ ಹಿಡಿದ್ಲು. ಒಂದರ ಕೆಳಗ "ಹಜರಾಬಿ". ಇನ್ನೊಂದರ ಕೆಳಗ ಹಜರಾಬಿ ಹೇಳಿದಂಗ ಮಹೆಜಬೀನ ಬರದ್ಲು, "ವಾಂಜಿಕು. ಮೂರು ದಿನ ನನ್ನ ಹೆಸರಿನ್ಯಾಗ ಇದ್ಲು. ಈಗ ತನ್ನ ಹೆಸರಿನ್ಯಾಗ ಅದಾಳ."

ಹಜರಾಬಿ ನನ್ನ ಕಡೆ ತಿರುಗಿದ್ಲು. "ಭಾಯಿ, ನನ್ನ ಫೋಟೋನೂ ಆ ಫುಕಟ ಜಾಗಾಕ್ಕ ಹಾಕ್ರಿ. ನಮ್ಮಂಥವ್ರದು ಅಲ್ಲಿ ಇರಲಿಲ್ಲಂತ ಈ ಹುಡುಗಿ ದೂರದಾಕಿನ್ನ ತಂದ್ಲು."

ನನ್ನ ಆಯುಷ್ಯದ ಚೊಲೋ ಫೋಟೋ, ಫುಕಟ! ಆದ್ರೂ ಹೂಂ ಅಂದೆ. ಮಹೆಜಬೀನ ಅಲ್ಲೇ ಫೋನ್ ತಗದು ಹಾಕಾಕ ಹತ್ತಿ, "ಚಾಚಾ, ನಿಮ್ಮ ಸ್ಟುಡಿಯೋ ಹೆಸರು ಹೆಂಗ ಬರೀಲಿ?" ಅಂತ ಕೇಳಿದ್ಲು.

"ನಂದು ಇರ್ಲಿ ಬಿಡು," ಅಂದೆ. "ಮೊದಲ ಆಕಿದು ಬರಿ."